ಹಿಂಡಿ, ಖಾರ, ರಂಜಕ: ಧಾರವಾಡ ಸೀಮೆಯ ಅಡಿಗೆಮನೆಯ ಒಂದು ಚರಿತ್ರೆ

ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ಅಂದ ಮೇಲೆ ಅದರಲ್ಲಿ ಶೇರು ಬಂಡವಾಳ, ಠೇವು, ಬೆಳೆಸಾಲ, ಗೊಬ್ಬರದ ಗೋದಾಮು ಇವುಗಳ ಲೆಕ್ಕ ಇರಬೇಕಾದದ್ದೇ. ಆ ಲೆಕ್ಕವನ್ನು ಬಲ್ಲವರು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬರೆದಿದ್ದಾರೆ. ನಾವು ಇಲ್ಲಿ ಯಾವ ಖಾತೆ ಕಿರ್ದಿಯಲ್ಲೂ ಏರದ ಒಂದು ವಿಷಯ ಎತ್ತಿಕೊಂಡಿದ್ದೇವೆ. ಅದು ನಮ್ಮ ಹುಬ್ಬಳ್ಳಿ-ಧಾರವಾಡ ಭಾಗದ ಮನೆಮನೆಯ ಮಸಾಲಿ ಖಾರ, ಹಿಂಡಿ, ರಂಜಕ ಮತ್ತು ಪಚಡಿಗಳ ಇತಿಹಾಸ. "ಖಾರ ಕುಟ್ಟೋದ್ರಾಗ ಏನ ಇತಿಹಾಸ ಐತ್ರಿ?" ಅಂತ ಯಾರಾದರೂ ಕೇಳಬಹುದು. ಐತಿ. ಓದುಗರು ಸ್ವಲ್ಪ ಸಮಾಧಾನದಿಂದ ನಮ್ಮ ಜೊತೆ ಬರಬೇಕು, ಅಷ್ಟೇ.

ನಮ್ಮ ಹಳೇ ಧಾರವಾಡ ಜಿಲ್ಲೆ ಸಹಕಾರ ಚಳವಳಿಯ ತವರುಮನೆ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯದೆ ಬಂದ ಮರುವರ್ಷವೇ, ಅಂದರೆ 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದರು. ದೇಶದ ಸಹಕಾರ ಇತಿಹಾಸದ ಮೊದಲ ಪುಟದಲ್ಲಿ ಆ ಹಳ್ಳಿಯ ಹೆಸರು ಐತಿ. ಆದರೆ ಕಾಯದೆ ಬರುವುದಕ್ಕಿಂತ ಎಷ್ಟೋ ಮೊದಲಿನಿಂದ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಒಂದು ಸಹಕಾರ ನಡೆಸಿಕೊಂಡು ಬಂದಿದ್ದರು. ಅದಕ್ಕೆ ಅಧ್ಯಕ್ಷರಿರಲಿಲ್ಲ, ನೋಂದಣಿ ಇರಲಿಲ್ಲ, ಠರಾವು ಇರಲಿಲ್ಲ. ಅದರ ಕಚೇರಿ ಒಳ್ಳು, ಅದರ ಶಿಕ್ಕೆ ಒನಕಿ. ಆ ಸಂಘದ ಕಥೆಯನ್ನೂ ಈ ಲೇಖನದಲ್ಲಿ ಹೇಳಬೇಕಾಗಿದೆ.

ಮೆಣಸಿನಕಾಯಿ ಇಲ್ಲದ ಕಾಲ

ಇವತ್ತು ನಮ್ಮ ಕಡೆ ಖಾರ ಅಂದರೆ ಕೆಂಪು ಮೆಣಸಿನಕಾಯಿ ಪುಡಿ. ರುಚಿಗೂ ಅದೇ ಹೆಸರು, ಪದಾರ್ಥಕ್ಕೂ ಅದೇ ಹೆಸರು. ಆದರೆ ಮೆಣಸಿನಕಾಯಿ ನಮ್ಮ ನೆಲದ ಬೆಳೆಯಲ್ಲ. ಅದು ಅಮೇರಿಕಾ ಖಂಡದ ಗಿಡ. 1492ರಲ್ಲಿ ಕೊಲಂಬಸ್ ಆ ಕಡೆಯ ದ್ವೀಪಗಳನ್ನು ಮುಟ್ಟುವ ತನಕ ನಮ್ಮ ಕಡೆಯ ಜಗತ್ತಿನ ಯಾವ ಅಡಿಗೆಮನೆಯಲ್ಲೂ ಮೆಣಸಿನಕಾಯಿ ಇರಲಿಲ್ಲ.

ಹಾಗಾದರೆ ನಮ್ಮ ಹಿರಿಯರು ಸಪ್ಪಗೆ ಉಣ್ಣತಿದ್ರೇನು? ಇಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 11ನೆಯ ಶತಮಾನದಲ್ಲಿ, ಎರಡನೆಯ ಚಾವುಂಡರಾಯ ಕನ್ನಡದಲ್ಲಿ 'ಲೋಕೋಪಕಾರ' ಎಂಬ ಗ್ರಂಥ ಬರೆದ. ಮಳೆ, ಬೆಳೆ, ಬಾವಿ, ವಾಸ್ತು, ವೈದ್ಯ ಎಲ್ಲವೂ ಇರುವ ಆ ಗ್ರಂಥದಲ್ಲಿ ಅಡಿಗೆಗೂ ಒಂದು ಅಧ್ಯಾಯವಿದೆ. ಅದೇ ವಂಶದ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗ ಎಂಬ ಭಾಗ ರಾಜನ ಊಟದ ವಿವರಕ್ಕೇ ಮೀಸಲು. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ಕನ್ನಡ ಪದ್ಯದಲ್ಲೇ ಬರೆದ. ಈ ಕಾಲದ ಅಡಿಗೆಗೆ ಚುರುಕು ಕೊಟ್ಟದ್ದು ಮಲೆನಾಡಿನ ಕರಿಮೆಣಸು, ಶುಂಠಿ, ಸಾಸಿವೆ, ಜೀರಿಗೆ, ಇಂಗು. ಹುಳಿಗೆ ಹುಣಸಿ, ನಿಂಬಿ, ಮೊಸರು ಇದ್ದವು. ಅಂದರೆ ಮಸಾಲಿ ಹುರಿದು ಕುಟ್ಟುವ ವಿದ್ಯೆ ನಮ್ಮಲ್ಲಿ ಮೊದಲೇ ಇತ್ತು, ಮೆಣಸಿನಕಾಯಿ ಮಾತ್ರ ಆಮೇಲೆ ಬಂದು ಆ ವಿದ್ಯೆಯೊಳಗೆ ಕೂತುಕೊಂಡಿತು.

ಹೆಸರೇ ಇದಕ್ಕೆ ಸಾಕ್ಷಿ. ಮೆಣಸು ಎಂಬ ಹಳೆಯ ಹೆಸರಿಗೆ ಕಾಯಿ ಸೇರಿಸಿ ನಾವು ಮೆಣಸಿನಕಾಯಿ ಅಂದೆವು. ಆಮೇಲೆ ಹೊಸದು ಎಷ್ಟು ಬೆಳೆಯಿತೆಂದರೆ, ಹಳೆಯ ಮೆಣಸಿಗೇ ಕರಿಮೆಣಸು, ಒಳ್ಳೆಮೆಣಸು ಅಂತ ಗುರುತಿನ ಹೆಸರು ಇಡಬೇಕಾಯಿತು. ಬಂದ ಬೀಗರು ಮನೆಯವರಾದರು, ಮನೆಯವರನ್ನು ಹೆಸರು ಹಿಡಿದು ಕರೆಯುವ ಹಾಗಾಯಿತು.

ಗೋವೆಯಿಂದ ಘಟ್ಟ ಹತ್ತಿ ಬಂದದ್ದು

1498ರಲ್ಲಿ ವಾಸ್ಕೋ ಡ ಗಾಮ ಕೇರಳದ ದಂಡೆಗೆ ಬಂದ. 1510ರಲ್ಲಿ ಪೋರ್ಚುಗೀಜರು ಗೋವೆಯನ್ನು ಹಿಡಿದರು. ಅವರ ಹಡಗುಗಳ ಜೊತೆ ಮೆಣಸಿನಕಾಯಿ ಬಂತು. ಗೋವೆಗೂ ನಮಗೂ ನಡುವೆ ಇರುವುದು ಒಂದು ಘಟ್ಟ. ಎತ್ತಿನ ಹೇರು, ಗಾಡಿ, ಉಪ್ಪು, ಕೊಬ್ಬರಿ ಎಲ್ಲ ಓಡಾಡುವ ದಾರಿಯಲ್ಲಿ ಈ ಬೀಜವೂ ಬಂದು ನಮ್ಮ ಎರಿಭೂಮಿಯಲ್ಲಿ ಬೇರು ಬಿಟ್ಟಿತು. ನೀರಾವರಿ ಇಲ್ಲದ, ಮಳೆ ನಂಬಿದ ಕರಿ ಹೊಲ ಅದಕ್ಕೆ ಹಿಡಿಸಿತು. ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಮೂರನ್ನೂ ಒಂದೇ ಹೊಲದಲ್ಲಿ ಹಾಕುವ ಪದ್ಧತಿ ಕುಂದಗೋಳ, ಹುಬ್ಬಳ್ಳಿ, ಗದಗ ಕಡೆಯ ರೈತರಿಗೆ ಹೊಸದಲ್ಲ. ಉಳ್ಳಾಗಡ್ಡಿ ಮೊದಲು ಕೈಗೆ ಬರತದ, ಮೆಣಸಿನಕಾಯಿ ನಡುವೆ, ಹತ್ತಿ ಕೊನೆಗೆ. ಒಂದು ಕೈ ಕೊಟ್ಟರೂ ಇನ್ನೊಂದು ಕೈ ಹಿಡೀತದ ಅನ್ನುವ ಲೆಕ್ಕ.

ಇದೇ ಅಮೇರಿಕಾದಿಂದ ಬಂದ ಇನ್ನೊಂದು ಬೆಳೆ ಶೇಂಗಾ. ಹಂಗಂದರೆ ನಾವು 'ನಮ್ಮದೇ' ಅಂತ ಎದೆ ತಟ್ಟಿ ಹೇಳುವ ಶೇಂಗಾ ಹಿಂಡಿಯೊಳಗಿನ ಶೇಂಗಾ, ಮೆಣಸಿನಕಾಯಿ ಎರಡೂ ಸಮುದ್ರ ದಾಟಿ ಬಂದವು. ಅದರೊಳಗಿನ ಬಳ್ಳೊಳ್ಳಿ, ಜೀರಗಿ, ಉಪ್ಪು, ಮತ್ತು ಅದನ್ನು ಕುಟ್ಟುವ ಕೈ ಮಾತ್ರ ಹಳೆಯವು. ಎಳ್ಳು, ಅಗಸಿ, ಗುರೆಳ್ಳು, ಕುಸುಬಿ ಇವು ಶೇಂಗಾಕ್ಕಿಂತ ಎಷ್ಟೋ ಮೊದಲಿನಿಂದ ಈ ಸೀಮೆಯ ಎಣ್ಣಿಕಾಳುಗಳು. ಶೇಂಗಾ ಬಂದ ಮೇಲೆ ಹಳೇ ಹಿಂಡಿಯ ಪಂಕ್ತಿಗೆ ಒಂದು ಹೊಸ ಎಲೆ ಹಾಕಿದರು ಅಂತ ತಿಳಿಯಬೇಕು. ಗಾಣದಲ್ಲಿ ಎಣ್ಣಿ ತೆಗೆದ ಮೇಲೆ ಉಳಿಯುವ, ದನಕ್ಕೆ ಹಾಕುವ ಹಿಂಡಿಗೂ ರೊಟ್ಟಿ ಜೊತೆ ತಿನ್ನುವ ಹಿಂಡಿಗೂ ನಮ್ಮಲ್ಲಿ ಒಂದೇ ಹೆಸರು ಇರುವುದನ್ನು ಓದುಗರು ಗಮನಿಸಬೇಕು. ಎರಡರ ಮೂಲವೂ ಎಣ್ಣಿಕಾಳೇ.

ಬ್ಯಾಡಗಿಯ ಬಣ್ಣ

ಮೆಣಸಿನಕಾಯಿ ಎಲ್ಲ ಕಡೆ ಹೋಯಿತು. ಆದರೆ ಬ್ಯಾಡಗಿ ಒಂದೇ. ಬ್ಯಾಡಗಿ ಪಟ್ಟಣ 1997ರ ತನಕ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇತ್ತು. ಆ ವರ್ಷ ಹಾವೇರಿ, ಗದಗ ಬೇರೆ ಜಿಲ್ಲೆಗಳಾದವು. ಈ ಕಾಯಿಯಲ್ಲಿ ಎರಡು ಜಾತಿ: ಉದ್ದಕ್ಕೆ, ತೆಳ್ಳಗೆ, ಸುಕ್ಕುಸುಕ್ಕಾಗಿ ಇರುವುದು ಕಡ್ಡಿ. ಗಿಡ್ಡಗೆ, ದಪ್ಪಗೆ ಇರುವುದು ಡಬ್ಬಿ. ಡಬ್ಬಿಯಲ್ಲಿ ಬಣ್ಣ ಹೆಚ್ಚು, ಉರಿ ಕಡಿಮೆ. ಗುಂಟೂರಿನ ಕಾಯಿ ನಾಲಿಗೆಯನ್ನು ಸುಡತದ, ಬ್ಯಾಡಗಿ ಕಾಯಿ ಕಣ್ಣನ್ನು ತಣಿಸತದ ಅಂತ ಹೇಳಿದರೆ ತಪ್ಪಾಗಲಾರದು.

ಇದರ ಕಾರಣವನ್ನು ವಿಜ್ಞಾನ ಹೇಳತದ. ಉರಿಗೆ ಕಾರಣವಾದ ವಸ್ತು ಕ್ಯಾಪ್ಸೈಸಿನ್. ಅದು ಹೆಚ್ಚಾಗಿ ಇರುವುದು ಕಾಯಿಯ ಒಳಗೆ ಬೀಜ ಅಂಟಿಕೊಂಡಿರುವ ಬಿಳಿ ನಾರಿನಲ್ಲಿ. ಬಣ್ಣಕ್ಕೆ ಕಾರಣ ಕ್ಯಾಪ್ಸಾಂಥಿನ್. ಅದು ಇರುವುದು ಹೊರಗಿನ ಸಿಪ್ಪೆಯಲ್ಲಿ. ಎರಡೂ ನೀರಿನಲ್ಲಿ ಕರಗುವುದಿಲ್ಲ, ಎಣ್ಣಿಯಲ್ಲಿ ಕರಗತಾವ. ಅದಕ್ಕೇ ನಮ್ಮ ಹೆಣ್ಣುಮಕ್ಕಳು ಒಗ್ಗರಣಿ ಎಣ್ಣಿಯನ್ನು ಸ್ವಲ್ಪ ಆರಿಸಿ ಖಾರ ಹಾಕುವುದು. ಬಣ್ಣ ಎಣ್ಣಿಗೆ ಇಳೀತದ, ಖಾರ ಸೀಯುವುದಿಲ್ಲ. ಖಾರ ಹತ್ತಿದಾಗ ನೀರು ಕುಡಿದರೆ ಉರಿ ಇಳಿಯದೆ ಮೊಸರು ತಿಂದರೆ ಇಳಿಯುವುದಕ್ಕೂ ಇದೇ ಕಾರಣ.

1880ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹಳಿ ಹಾಕಿದಾಗ ಬ್ಯಾಡಗಿ ಆ ದಾರಿಯ ಮೇಲೆ ಬಂತು. ರೇಲ್ವೆ ಬಂದಲ್ಲಿ ಅಡತಿ ಬಂತು, ಅಡತಿ ಬಂದಲ್ಲಿ ಹೆಸರು ಬಂತು. ಆಗ ನಾವು ಮುಂಬಯಿ ಪ್ರಾಂತದಲ್ಲಿದ್ದೆವು. 1956ರ ಏಕೀಕರಣದ ತನಕ ನಮ್ಮ ಕಚೇರಿ ಮಾತಿಗೂ ಪ್ಯಾಟಿ ಮಾತಿಗೂ ಮರಾಠಿ ಸೊಗಡು ಇತ್ತು. ಈ ಕಾಯಿಯ ಬಣ್ಣ ಈಗ ಅಡಿಗೆಮನೆ ದಾಟಿ ಹೋಗಿದೆ. ಅದರಿಂದ ತೆಗೆದ ಓಲಿಯೊರೆಸಿನ್ ಎಂಬ ಸಾರ ತಿಂಡಿತಿನಿಸುಗಳ ಬಣ್ಣಕ್ಕೆ, ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೆ ಕೂಡ ಬಳಕೆಯಾಗುತ್ತದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು.

ಆದರೆ ಮಾನ್ಯತೆ ಸಿಕ್ಕ ಮಾತ್ರಕ್ಕೆ ರೈತನ ಮನೆ ತುಂಬಲಿಲ್ಲ. ನಮ್ಮ ದೇಶೀ ಕಾಯಿಗೆ ಎಲೆ ಮುರುಟುವ ರೋಗದ ಕಾಟ. ಹೈಬ್ರಿಡ್ ಬೀಜದ ಕಾಯಿ ಬಳ್ಳಾರಿ, ರಾಯಚೂರು, ಆಂಧ್ರದ ನೀರಾವರಿ ಹೊಲಗಳಿಂದ ಲಾರಿಗಟ್ಟಲೆ ಅದೇ ಬ್ಯಾಡಗಿ ಪ್ಯಾಟಿಗೆ ಬರತದ. 2024ರ ಮಾರ್ಚ್ 11ರಂದು ದರ ಒಮ್ಮೆಲೆ ಬಿದ್ದಾಗ ಸಿಟ್ಟಿಗೆದ್ದ ಬೆಳೆಗಾರರು ಮಾರುಕಟ್ಟೆ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಬೆಂಕಿ ಹಚ್ಚಿದ್ದನ್ನು ಯಾರೂ ಒಪ್ಪುವುದಿಲ್ಲ. ಆದರೆ ಆ ಸಿಟ್ಟು ಎಲ್ಲಿಂದ ಬಂತು ಅನ್ನುವುದನ್ನು ಸಹಕಾರಿಗಳಾದ ನಾವು ಕೇಳದಿದ್ದರೆ ಇನ್ನಾರು ಕೇಳಬೇಕು?

ವರ್ಷದ ಖಾರ

ಈಗ ಹೊಲದಿಂದ ಮನೆಗೆ ಬರೋಣ. ಪುಷ್ಯ, ಮಾಘದಲ್ಲಿ ಹಣ್ಣು ಕಾಯಿ ಬಿಡಿಸಿ ಕಣದಲ್ಲಿ, ಮಾಳಿಗೆಯ ಮೇಲೆ ಒಣಗಿಸುತ್ತಾರೆ. ಸುಮಾರು ನಾಲ್ಕು ಕಿಲೊ ಹಣ್ಣು ಕಾಯಿ ಒಣಗಿದರೆ ಒಂದು ಕಿಲೊ ಒಣಕಾಯಿ. ಶಿವರಾತ್ರಿ ಕಳೆದು ಯುಗಾದಿ ಮುಂದೆ ಬಂತೆಂದರೆ ಬಿಸಿಲು ಕಡಕಾಗತದ, ಗಾಳಿಯಲ್ಲಿ ತೇವ ಇರುವುದಿಲ್ಲ. ವರ್ಷದ ಖಾರ ಕುಟ್ಟಲು ಇದೇ ಸಮಯ. ಹೊಲದ ಕೆಲಸವೂ ಕಡಿಮೆ.

ಮಸಾಲಿ ಖಾರಕ್ಕೆ ಒಂದೇ ಅಳತೆ ಅಂತ ಇಲ್ಲ. ಮನೆಗೊಂದು ಕೈ. ಆದರೂ ನಮ್ಮ ಭಾಗದಲ್ಲಿ ಹೆಚ್ಚಾಗಿ ನಡೆಯುವ ಒಂದು ಅಳತೆಯನ್ನು ಹೊಸ ಪೀಳಿಗೆಯವರ ಉಪಯೋಗಕ್ಕಾಗಿ ಬರೆಯುತ್ತೇವೆ. ತೊಟ್ಟು ಮುರಿದ ಒಣಕಾಯಿ 1 ಕಿಲೊ. ಕೊತ್ತಂಬರಿ ಕಾಳು 250 ಗ್ರಾಂ. ಒಣಕೊಬ್ಬರಿ 250 ಗ್ರಾಂ. ಬಳ್ಳೊಳ್ಳಿ 100 ಗ್ರಾಂ. ಜೀರಗಿ, ಎಳ್ಳು ತಲಾ 50 ಗ್ರಾಂ. ಅರಿಷಿಣ 25 ಗ್ರಾಂ. ಮೆಂತೆಕಾಳು, ಸಾಸಿವಿ, ಕರಿಮೆಣಸು, ಲವಂಗ, ಚಕ್ಕಿ ತಲಾ 10 ಗ್ರಾಂ. ಇಂಗು ಒಂದು ಚೂರು, ಕಲ್ಲುಹೂವು ಒಂದು ಹಿಡಿ, ಕಲ್ಲುಪ್ಪು ತಕ್ಕಷ್ಟು. ಉಳ್ಳಾಗಡ್ಡಿಯನ್ನು ಒಣಗಿಸಿ ಎಣ್ಣಿಯಲ್ಲಿ ಕೆಂಪಗೆ ಹುರಿದು ಸೇರಿಸುವವರೂ ಇದ್ದಾರೆ. ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು, ಯಾಕೆಂದರೆ ಕೊತ್ತಂಬರಿ ಕಾಳಿಗೆ ಬೇಕಾದ ಬೆಂಕಿ ಎಳ್ಳಿಗೆ ಹೆಚ್ಚಾಗತದ. ಮೆಂತೆ ಒಂದು ಕ್ಷಣ ಹೆಚ್ಚು ಹುರಿದರೆ ಇಡೀ ಖಾರ ಕಹಿ.

ಈ ಅಳತೆಯಲ್ಲೇ ಜಗತ್ತಿನ ನಕಾಶೆ ಐತಿ. ಮೆಣಸು ನಮ್ಮ ಶಿರಸಿ, ಯಲ್ಲಾಪುರದ ಕಡೆಯದು. ಲವಂಗದ ಮೂಲ ಇಂಡೋನೇಶಿಯಾದ ಮಲುಕು ದ್ವೀಪಗಳು. ಇಂಗು ಬರುವುದು ಅಫಘಾನಿಸ್ಥಾನ, ಇರಾನದ ಕಡೆಯಿಂದ. ನಮ್ಮ ದೇಶದಲ್ಲಿ ಇಂಗಿನ ಸಸಿಯನ್ನು ಬೆಳೆಗಾಗಿ ನೆಟ್ಟದ್ದೇ 2020ರಲ್ಲಿ, ಹಿಮಾಚಲದ ಲಾಹೌಲ ಕಣಿವೆಯಲ್ಲಿ. ಹಳ್ಳಿಯ ಹೆಣ್ಣುಮಗಳು ಊರ ಅಗಸಿ ದಾಟದಿದ್ದರೂ ಅವಳ ಒಳ್ಳಿನೊಳಗೆ ಮೂರು ಖಂಡಗಳು ಕೂಡಿದ್ದವು.

ಖಾರದಲ್ಲಿ ಮನೆತನದ ಗುರುತೂ ಇತ್ತು. ಲಿಂಗಾಯತರ ಮನೆಯಲ್ಲಿ ಬಳ್ಳೊಳ್ಳಿ, ಕೊಬ್ಬರಿ ಮುಂದಾದ ಮಸಾಲಿ. ಬ್ರಾಹ್ಮಣರ ಮನೆಯಲ್ಲಿ ಬಳ್ಳೊಳ್ಳಿ ಇಲ್ಲದ ಸಾರಿನ ಪುಡಿ, ಪುಠಾಣಿ ಚಟ್ನಿಪುಡಿ ಮತ್ತು ಬ್ಯಾಳಿ, ಮೆಂತೆ ಹುರಿದು ಮಾಡುವ ಮೆಂತೆ ಹಿಟ್ಟು. ಜೈನರ ಮನೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ಇಲ್ಲ. ಮುಸಲ್ಮಾನರ ಮನೆಯ ಗರಮ ಮಸಾಲಿಗೆ ಅದರದೇ ಘಮ. ಹುಬ್ಬಳ್ಳಿ, ಗದಗದಲ್ಲಿ ನೆಲೆಸಿದ ಎಸ್.ಎಸ್.ಕೆ. ಸಮಾಜದವರ ಸಾವಜಿ ಮಸಾಲಿ ಅಂತೂ ಖಾನಾವಳಿಗಳ ಮೂಲಕ ಊರೂರಿಗೆ ಹೆಸರಾಗಿದೆ. ಊರು ಒಂದು, ಕಾಯಿ ಒಂದು, ಖಾರ ಮಾತ್ರ ಹತ್ತು ನಮೂನಿ.

ಒಳ್ಳಿನ ಸಹಕಾರ

ಹತ್ತು ಹದಿನೈದು ಮಂದಿಯ ಕೂಡು ಕುಟುಂಬಕ್ಕೆ ವರ್ಷದ ಖಾರ ಕುಟ್ಟುವುದು ಒಬ್ಬಳ ಕೈಲಿ ಆಗುವ ಕೆಲಸವಲ್ಲ. ಆದ್ದರಿಂದ ಮುಯ್ಯಿ ಪದ್ಧತಿ. ಇವತ್ತು ನಮ್ಮ ಮನಿಗೆ ನೀವು, ನಾಳಿ ನಿಮ್ಮ ಮನಿಗೆ ನಾವು. ಒಂದು ಒಳ್ಳಿಗೆ ಇಬ್ಬರು ಮೂವರು, ಒನಕಿ ಒಂದರ ಹಿಂದೆ ಒಂದು ಬೀಳಬೇಕು, ತಾಳ ತಪ್ಪಿದರೆ ಒನಕಿಗೆ ಒನಕಿ ಬಡೀತದ. ಆ ತಾಳಕ್ಕಾಗಿಯೇ ಹಾಡು. ಕುಟ್ಟುವ ಪದ, ಬೀಸುವ ಪದ ಅಂತ ನಮ್ಮ ಜನಪದ ಸಾಹಿತ್ಯದ ದೊಡ್ಡ ಭಾಗವೇ ಈ ಕೆಲಸದಲ್ಲಿ ಹುಟ್ಟಿದ್ದು.

ಆದರೆ ಹಾಡಿನ ಸೊಗಸು ನೋಡಿ ದುಡಿಮೆಯ ಕಷ್ಟ ಮರೆಯಬಾರದು. ಖಾರದ ಘಾಟಿಗೆ ಸೆರಗು ಮೂಗಿಗೆ ಕಟ್ಟಿಕೊಂಡು, ಕಣ್ಣು ಸುರಿಸುತ್ತ, ಸೀನುತ್ತ ಕುಟ್ಟಬೇಕು. ಎರಡು ದಿನ ಅಂಗೈ ಉರಿ. ಕೂಸಿಗೆ ಮೊಲೆ ಕೊಡುವ ತಾಯಿಗೆ ಆ ಕೈಲಿ ಕೂಸು ಮುಟ್ಟಲಿಕ್ಕೆ ಭಯ. ಕೊಬ್ಬರಿ ಎಣ್ಣಿ, ಮೊಸರು ಹಚ್ಚಿ ಉರಿ ಇಳಿಸಿಕೊಳ್ಳುತ್ತಿದ್ದರು. ಹಿಂದಿನದೆಲ್ಲ ಚೆನ್ನಾಗಿತ್ತು ಅನ್ನುವವರು ಈ ಅಂಗೈಗಳನ್ನು ಒಮ್ಮೆ ನೆನೆಯಬೇಕು.

ಅದಕ್ಕೇ ಹಳ್ಳಿಗಳಿಗೆ ಕರೆಂಟ್ ಬಂದು ಖಾರದ ಗಿರಣಿಗಳು ಬಂದಾಗ ಹೆಣ್ಣುಮಕ್ಕಳು ಅತ್ತಿಲ್ಲ, ಉಸಿರು ಬಿಟ್ಟರು. ಹುರಿಯುವುದು ಮನೆಯಲ್ಲೇ, ಕುಟ್ಟುವುದು ಮಾತ್ರ ಗಿರಣಿ. ಕಬ್ಬಿಣದ ಒನಕಿಗಳು ಮೇಲೆ ಕೆಳಗೆ ಬೀಳುವ ಕುಟ್ಟುವ ಗಿರಣಿಯ ಖಾರವೇ ಒಳ್ಳೇದು ಅಂತ ಈಗಲೂ ಬಲ್ಲವರು ಹೇಳತಾರ. ಬೀಸುವ ಗಿರಣಿಯಲ್ಲಿ ಹಿಟ್ಟು ಬಿಸಿಯಾಗಿ ಮಸಾಲಿಯ ಘಮ ಹಾರಿಹೋಗತದ. ಕುಟ್ಟಿದ ಖಾರವನ್ನು ಪೂರ್ತಿ ಆರಿಸಿ, ಭರಣಿಯಲ್ಲಿ ಒತ್ತಿ ತುಂಬಿ, ನಡುನಡುವೆ ಇಂಗಿನ ಚೂರು ಇಟ್ಟು, ಬಾಯಿಗೆ ಬಿಳಿ ಅರಿಬಿ ಕಟ್ಟಿದರೆ ಮುಂದಿನ ಯುಗಾದಿ ತನಕ ಚಿಂತೆ ಇಲ್ಲ.

ಹಿಂಡಿ, ರಂಜಕ, ಪಚಡಿ

ಮಸಾಲಿ ಖಾರ ವರ್ಷಕ್ಕೊಮ್ಮೆ, ಹಿಂಡಿ ಮಾತ್ರ ಹದಿನೈದು ದಿನಕ್ಕೊಮ್ಮೆ. ಯಾಕೆ? ಹಿಂಡಿಯಲ್ಲಿ ಎಣ್ಣಿ ಐತಿ. ಎಣ್ಣಿಗೆ ಗಾಳಿ ತಾಕಿದರೆ ದಿನ ಕಳೆದಂತೆ ಕಮಟು ವಾಸನೆ. ಅಗಸಿಯ ಎಣ್ಣಿ ಅಂತೂ ಬೇಗ ಕೆಡತದ, ಆದ್ದರಿಂದ ಅಗಸಿ ಹಿಂಡಿಯನ್ನು ಸ್ವಲ್ಪ ಸ್ವಲ್ಪವೇ ಮಾಡಬೇಕು. ಓದು ಬರಹ ಬಾರದ ನಮ್ಮ ಹಿರಿಯ ಹೆಣ್ಣುಮಕ್ಕಳಿಗೆ ಇದು ರಸಾಯನಶಾಸ್ತ್ರದಿಂದ ಅಲ್ಲ, ಮೂಗಿನಿಂದ ಗೊತ್ತಿತ್ತು.

ಶೇಂಗಾ ಹಿಂಡಿಗೆ ಅರ್ಧ ಕಿಲೊ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪಿ ತಿಕ್ಕಿ ತೆಗೆಯಬೇಕು. ಒಂದು ಗಡ್ಡಿ ಬಳ್ಳೊಳ್ಳಿ, ಎರಡು ಮೂರು ಚಮಚ ಕೆಂಪು ಖಾರ, ಜೀರಗಿ, ಉಪ್ಪು, ಬೇಕಾದರೆ ಚೂರು ಬೆಲ್ಲ ಹಾಕಿ ಕುಟ್ಟಬೇಕು. ಎಣ್ಣಿ ಬಿಡಲಿಕ್ಕೆ ಸುರುವಾದ ಕೂಡಲೇ ನಿಲ್ಲಿಸಬೇಕು. ಕಡಿಮೆ ಕುಟ್ಟಿದರೆ ನುಚ್ಚು, ಹೆಚ್ಚು ಕುಟ್ಟಿದರೆ ಮುದ್ದಿ. ಅಗಸಿಯನ್ನು ಚಟಚಟ ಸಿಡಿಯುವ ತನಕ ಹುರಿಯಬೇಕು, ಇಲ್ಲದಿದ್ದರೆ ಬಾಯಿಗೆ ಲೋಳಿ. ಅದಕ್ಕೆ ಹುಣಸಿಹಣ್ಣು ಜೋಡಿ. ಗುರೆಳ್ಳು ಹಿಂಡಿ ಕಪ್ಪು, ನೋಡಲಿಕ್ಕೆ ಚಂದ ಇಲ್ಲ, ಆದರೆ ಬದನಿಕಾಯಿ ಎಣ್ಣಿಗಾಯಿಗೆ, ಪಚಡಿಗೆ ಅದರಷ್ಟು ರುಚಿ ಬೇರೆ ಯಾವುದೂ ಕೊಡುವುದಿಲ್ಲ.

ರಂಜಕ ಅಥವಾ ಕೆಂಪು ಖಾರ ಒಣಕಾಯಿಯದಲ್ಲ, ಹಸಿ ಹಣ್ಣುಕಾಯಿಯದು. ಗಿಡದಲ್ಲಿ ಕೆಂಪಾದ ಕಾಯಿಯನ್ನು ತೊಳೆದು, ಅರಿಬಿಯಿಂದ ಒರೆಸಿ, ಆಮೇಲೆ ತೊಟ್ಟು ತೆಗೆಯಬೇಕು. ಮೊದಲೇ ತೊಟ್ಟು ತೆಗೆದರೆ ಒಳಗೆ ನೀರು ಹೋಗತದ. ಉಪ್ಪು, ಬಳ್ಳೊಳ್ಳಿ, ಹುರಿದ ಮೆಂತೆಪುಡಿ, ಇಂಗು, ನಿಂಬಿರಸ ಸೇರಿಸಿ ಅರೆದು ಭರಣಿಗೆ ತುಂಬುತ್ತಾರೆ. ಉಪ್ಪು, ಹುಳಿ ಎರಡೂ ಅದನ್ನು ಕಾಯತಾವ. ಬಿಸಿ ರೊಟ್ಟಿಯ ಮೇಲೆ ರಂಜಕ, ಅದರ ಮೇಲೆ ಬೆಣ್ಣಿ ಅಥವಾ ಹಸಿ ಎಣ್ಣಿ. ಪಲ್ಯ ಇಲ್ಲದ ದಿನ ಇದೇ ಪಲ್ಯ.

ಇನ್ನು ಪಚಡಿ. ಹಸಿ ತರಕಾರಿಗೆ ರಸ, ಎಣ್ಣಿ ಕಲಸಿ ತಿನ್ನುವುದು ಪರದೇಶದ ಸಂಪ್ರದಾಯ ಅಂತ ಈಗಿನ ಹುಡುಗರು ತಿಳಿದಿದ್ದಾರೆ. ಬಾಟಲಿಯಲ್ಲಿ ಬರುವ ಸಾಸು ಕೊಂಡು ಸೌತಿಕಾಯಿಗೆ ಹಾಕತಾರ. ನಮ್ಮ ಹೊಲದ ಹಕ್ಕರಕಿ, ಎಳೇ ಮೆಂತೆ, ಉಳ್ಳಾಗಡ್ಡಿ ತೊಪ್ಪಲು, ಮೂಲಂಗಿ, ಸೌತಿಕಾಯಿ ಸಣ್ಣಗೆ ಹೆಚ್ಚಿ, ಗುರೆಳ್ಳು ಹಿಂಡಿ, ಉಪ್ಪು, ಹಸಿ ಕುಸುಬಿ ಎಣ್ಣಿ, ನಿಂಬಿರಸ ಅಥವಾ ಗಟ್ಟಿ ಮೊಸರು ಹಾಕಿ ಕಲಸಿದರೆ ಆಗುವ ಪಚಡಿ ಅದೇ ಅಲ್ಲವೇ? ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ. ಸೀಗಿ ಹುಣ್ಣಿವಿ, ಎಳ್ಳಮವಾಸಿ ದಿನ ಚರಗ ಚೆಲ್ಲಿ ಹೊಲದಲ್ಲಿ ಕೂತು ಉಣ್ಣುವಾಗ ಸಜ್ಜಿ ರೊಟ್ಟಿ, ಪುಂಡಿಪಲ್ಯದ ಜೊತೆ ಈ ಹಿಂಡಿ, ಪಚಡಿ ಇಲ್ಲದಿದ್ದರೆ ಹಬ್ಬ ಹಬ್ಬವೇ ಅಲ್ಲ.

ಬುತ್ತಿಯಿಂದ ಪೊಟ್ಟಣಕ್ಕೆ

ಹಿಂಡಿಯ ಇನ್ನೊಂದು ಉಪಕಾರವನ್ನು ನಮ್ಮ ಭಾಗದ ಓದಿದವರು ಮರೆಯಬಾರದು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆಯಿತು, ಆಮೇಲೆ ವಿಶ್ವವಿದ್ಯಾಲಯ, 1986ರಲ್ಲಿ ಕೃಷಿ ವಿಶ್ವವಿದ್ಯಾಲಯ. ಹಳ್ಳಿಯ ಹುಡುಗರು ಬಾಡಿಗೆ ಖೋಲಿ ಹಿಡಿದು ಓದಿದರು. ಅವರಿಗೆ ಊರಿನಿಂದ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ಕಡಕ ರೊಟ್ಟಿ, ಶೇಂಗಾ ಹಿಂಡಿ ಎರಡೂ ಬೇಗ ಕೆಡದ ಪದಾರ್ಥ. ಬಸ್ ತಪ್ಪಿದರೂ ಎರಡು ದಿನ ನಡೀತಿತ್ತು. ಇವತ್ತು ದೊಡ್ಡ ಹುದ್ದೆಯಲ್ಲಿರುವ ಎಷ್ಟೋ ಮಂದಿಯ ಪದವಿಯ ಹಿಂದೆ ಒಂದು ಹಿಂಡಿ ಡಬ್ಬಿ ಐತಿ.

ಕುಟುಂಬಗಳು ಸಣ್ಣವಾದವು, ಹೆಣ್ಣುಮಕ್ಕಳು ನೌಕರಿಗೆ ಹೋದರು, ಪ್ಯಾಟಿ ಮನೆಗೆ ಬಿಸಿಲು ಬೀಳುವ ಮಾಳಿಗೆ ಇಲ್ಲ. ಪೊಟ್ಟಣದ ಖಾರ ಬಂತು. ಬಂದದ್ದು ತಪ್ಪಲ್ಲ. ಆದರೆ ಪುಡಿಯಾದ ವಸ್ತುವಿನಲ್ಲಿ ಕಲಬೆರಕಿ ಸಲೀಸು. ಇಟ್ಟಂಗಿ ಪುಡಿ, ಕಟ್ಟಿಗಿ ಹೊಟ್ಟು, ಬಟ್ಟೆಗೆ ಹಾಕುವ ಬಣ್ಣ ಏನು ಬೇಕಾದರೂ ಸೇರಬಹುದು. 1937ರ ಆಗ್‌ಮಾರ್ಕ್ ಕಾಯದೆ, 1954ರ ಆಹಾರ ಕಲಬೆರಕೆ ತಡೆ ಕಾಯದೆ, ಅದರ ಜಾಗದಲ್ಲಿ 2006ರ ಆಹಾರ ಸುರಕ್ಷತೆ ಕಾಯದೆ ಬಂದದ್ದು ಸುಮ್ಮನಲ್ಲ. 2003ರಲ್ಲಿ ಭಾರತದಿಂದ ಹೋದ ಖಾರದ ಪುಡಿಯಲ್ಲಿ ಸುಡಾನ್ ಎಂಬ ನಿಷಿದ್ಧ ಬಣ್ಣ ಯುರೋಪಿನಲ್ಲಿ ಸಿಕ್ಕಿಬಿತ್ತು. 2005ರಲ್ಲಿ ಇಂಗ್ಲೆಂಡಿನ ಅಂಗಡಿಗಳಿಂದ ಅಂಥ ಪುಡಿ ಸೇರಿದ ನೂರಾರು ಬಗೆಯ ತಿನಿಸುಗಳನ್ನು ವಾಪಸು ತೆಗೆಸಿದರು. ನಿಜವಾದ ಕೆಂಪು ಬೆಳೆಯುವ ನಾಡಿನ ಹೆಸರಿಗೆ ಕೃತಕ ಕೆಂಪು ಮಸಿ ಬಳಿಯಿತು.

ಮನೆಯಲ್ಲಿ ಮಾಡಿದ್ದೆಲ್ಲ ಶುದ್ಧ ಅಂತಲೂ ತಿಳಿಯಬಾರದು. ಸರಿಯಾಗಿ ಒಣಗದ ಕಾಯಿ, ತೇವ ಹಿಡಿದ ಶೇಂಗಾ ಇವುಗಳಲ್ಲಿ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟತದ. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿಯ ಮೇವು ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಈ ವಿಷ ಬೆಳಕಿಗೆ ಬಂತು. ಇದು ಯಕೃತ್ತಿಗೆ ಕೆಡುಕು, ಹುರಿದರೂ ಪೂರ್ತಿ ಹೋಗುವುದಿಲ್ಲ. ಒಡೆಯಬಾರದೆಂದು ಚೀಲಕ್ಕೆ ತುಂಬುವ ಮುಂದೆ ಒಣಕಾಯಿಗೆ ನೀರು ಸಿಂಪಡಿಸುವ ರೂಢಿ ಇದ್ದರೆ ಬಿಡಬೇಕು. ಮಣ್ಣ ಮೇಲೆ ಒಣಗಿಸದೆ ತಾಡಪತ್ರಿ ಅಥವಾ ಕಟ್ಟೆಯ ಮೇಲೆ ಒಣಗಿಸಬೇಕು. ಬೂಷ್ಟು ಹಿಡಿದ ಕಾಳನ್ನು ಆರಿಸಿ ತೆಗೆಯಬೇಕು, ದನಕ್ಕೂ ಹಾಕಬಾರದು.

ಯಾರ ಲೆಕ್ಕದಲ್ಲಿ?

ಈಗ ಮುಖ್ಯ ಮಾತಿಗೆ ಬರುತ್ತೇವೆ. ಮೆಣಸಿನಕಾಯಿ ಬೆಳೆದವನ ಹೆಸರು ಪಹಣಿಯಲ್ಲಿ ಐತಿ, ಬೆಳೆಸಾಲದ ಖಾತೆಯಲ್ಲಿ ಐತಿ, ಅಡತಿಯ ಪಟ್ಟಿಯಲ್ಲಿ ಐತಿ. ಅದನ್ನು ಬಿಡಿಸಿದವಳು, ತೊಟ್ಟು ಮುರಿದವಳು, ಹುರಿದವಳು, ಕುಟ್ಟಿದವಳು ಯಾವ ಖಾತೆಯಲ್ಲೂ ಇಲ್ಲ. ಪಹಣಿ ಇಲ್ಲದವರಿಗೆ ಬೆಳೆಸಾಲ ಇಲ್ಲ, ಹೆಚ್ಚಿನ ಮನೆಗಳಲ್ಲಿ ಪಹಣಿ ಗಂಡಸರ ಹೆಸರಿನಲ್ಲಿ. ಇದು ಒಂದು ಸಂಘದ ದೋಷ ಅಂತ ನಾವು ಹೇಳುತ್ತಿಲ್ಲ, ವ್ಯವಸ್ಥೆಯೇ ಹಾಗೆ ನಡೆದು ಬಂದಿದೆ. ಆದರೆ ಕಾಯಿಯ ಬೆಲೆ ಹೆಚ್ಚುವುದು ಎಲ್ಲಿ? ಹೊಲದಲ್ಲಿ ಅಲ್ಲ, ಅದು ಖಾರವಾದಾಗ, ಹಿಂಡಿಯಾದಾಗ. ಆ ಹೆಚ್ಚಿದ ಬೆಲೆ ಈಗ ಪೊಟ್ಟಣ ಕಟ್ಟುವವರ ಪಾಲು. ಕಾಯಿ ನಮ್ಮದು, ಕೈ ನಮ್ಮದು, ವಿದ್ಯೆ ನಮ್ಮದು. ಕಾಯಿ ಮಾರಿ ಬಂದ ರೊಕ್ಕದಲ್ಲೇ ಪೊಟ್ಟಣದ ಖಾರ ಕೊಂಡು ಮನೆಗೆ ಬರುವ ಹಳ್ಳಿ ಎಷ್ಟು ದಿನ ಬಾಳೀತು?

ದಾರಿ ಇಲ್ಲದೇ ಇಲ್ಲ. 1959ರಲ್ಲಿ ಮುಂಬಯಿಯ ಏಳು ಜನ ಹೆಣ್ಣುಮಕ್ಕಳು 80 ರೂಪಾಯಿ ಸಾಲದಿಂದ ಮಾಳಿಗೆ ಮೇಲೆ ಹಪ್ಪಳ ಲಟ್ಟಿಸಲು ಸುರು ಮಾಡಿದ್ದೇ ಇವತ್ತಿನ ಲಿಜ್ಜತ್ ಪಾಪಡ್. 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳಿಗೆ ಬ್ಯಾಂಕ್ ಸಾಲ ಜೋಡಿಸುವ ಯೋಜನೆ ತಂತು. 2000ದಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಗುಂಪುಗಳು ಸುರುವಾದವು. ಹುಬ್ಬಳ್ಳಿ-ಧಾರವಾಡದಲ್ಲಿ ಇವತ್ತು ರೊಟ್ಟಿ ಬಡಿದು, ಹಿಂಡಿ ಕುಟ್ಟಿ ಮಾರಿ ಮಕ್ಕಳನ್ನು ಓದಿಸುತ್ತಿರುವ ತಾಯಂದಿರು ಎಷ್ಟೋ ಮಂದಿ. ಖಾನಾವಳಿಗಳಿಗೆ, ಬೆಂಗಳೂರು, ಪುಣೆಯಲ್ಲಿ ನೆಲೆಸಿದ ನಮ್ಮವರಿಗೆ ಇವರ ಕೈಯ ಹಿಂಡಿ ಹೋಗತದ. ಒಬ್ಬೊಬ್ಬರೇ ಮಾಡುತ್ತಿರುವುದರಿಂದ ದರ ಹೇಳುವ ಶಕ್ತಿ ಅವರಿಗಿಲ್ಲ. ಕಣಗಿನಹಾಳದ ಪಾಟೀಲರು 1905ರಲ್ಲಿ ಒಬ್ಬೊಬ್ಬ ರೈತನ ಈ ದುರ್ಬಲತೆಗೇ ಅಲ್ಲವೇ ಮದ್ದು ಹುಡುಕಿದ್ದು?

ಆದ್ದರಿಂದ ಬೆಳ್ಳಿಹಬ್ಬದ ಈ ವರ್ಷ ಸದಸ್ಯ ಬಾಂಧವರ ಮುಂದೆ, ಆಡಳಿತ ಮಂಡಳಿಯ ಮುಂದೆ ನಮ್ಮ ವಿನಂತಿ ಇಷ್ಟೇ. ಗೊಬ್ಬರದ ಗೋದಾಮಿನ ಪಕ್ಕದಲ್ಲಿ ಕಾಯಿ ಒಣಗಿಸಲು ಒಂದು ಫರಸಿ ಕಟ್ಟೆ ಇರಲಿ. ಒಂದು ಕುಟ್ಟುವ ಖಾರದ ಗಿರಣಿ ಇರಲಿ. ಪಹಣಿ ಇಲ್ಲದ ಹೆಣ್ಣುಮಕ್ಕಳಿಗೂ ಸಣ್ಣ ಮೊತ್ತದ ಶೇರು, ಅವರ ಗುಂಪಿಗೆ ಸಾಲ ಇರಲಿ. ಆಹಾರ ಸುರಕ್ಷತೆಯ ಲೈಸನ್ಸು, ತೂಕ, ಲೇಬಲ್ಲಿನ ಕಾಗದಪತ್ರದ ಕೆಲಸವನ್ನು ಸಂಘದ ಕಚೇರಿ ಮಾಡಿಕೊಡಲಿ. ದೇಶೀ ಕಡ್ಡಿ, ಡಬ್ಬಿ ಬೀಜ ಉಳಿಸಿಕೊಂಡ ರೈತರನ್ನು ಹುಡುಕಿ ಅವರ ಕಾಯಿಯನ್ನೇ ಈ ಖಾರಕ್ಕೆ ಕೊಳ್ಳಲಿ. ಊರಿನ ಹಿರಿಯ ಹೆಣ್ಣುಮಕ್ಕಳ ಖಾರದ ಅಳತೆಗಳನ್ನು ಯಾರಾದರೂ ಒಂದು ವಹಿಯಲ್ಲಿ ಬರೆದಿಡಲಿ. ಅವು ಬಾಯಿಯಲ್ಲೇ ಇವೆ, ಬಾಯಿಯ ಜೊತೆಗೇ ಹೋಗುತ್ತವೆ.

ಮೆಣಸಿನಕಾಯಿ ಪರದೇಶದಿಂದ ಬಂತು. ಅದನ್ನು ನಮ್ಮದಾಗಿ ಮಾಡಿದ್ದು ರಾಜರಲ್ಲ, ವ್ಯಾಪಾರಿಗಳಲ್ಲ, ಒಲಿ ಮುಂದೆ ಕೂತು ಮೆಂತೆ ಸೀಯದ ಹಾಗೆ ಕಾದ ಹೆಣ್ಣುಮಕ್ಕಳು. ಇಪ್ಪತ್ತೈದು ವರ್ಷದ ಸಂಘಕ್ಕೆ ಐವತ್ತು ತುಂಬುವ ಹೊತ್ತಿಗೆ ಅವರ ಹೆಸರುಗಳೂ ಸದಸ್ಯರ ಯಾದಿಯಲ್ಲಿ ಸಮಸಮವಾಗಿ ಇರಲಿ ಎಂದು ಹಾರೈಸುತ್ತೇವೆ. ಸಹಕಾರಕ್ಕೆ ಜಯವಾಗಲಿ.